ಸೆಕೆಂಡ್ ಹ್ಯಾಂಡ್ ಕಾರು: ವಿದ್ಯುತ್, ಹೈಬ್ರಿಡ್, ಗ್ಯಾಸ್, ಪೆಟ್ರೋಲ್ – ನಿತ್ಯದ ಓಡಾಟಕ್ಕೆ ಯಾವುದು ಹಿತ?

ಹುಬ್ಬಳ್ಳಿಯಿಂದ ಧಾರವಾಡಕ್ಕೆ, ರಾಮನಗರದಿಂದ ಬೆಂಗಳೂರಿಗೆ, ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ದಿನವೂ ಹೋಗಿಬರುವ ಮಧ್ಯಮ ವರ್ಗದ ನೌಕರರ ಪಾಲಿಗೆ ಸೆಕೆಂಡ್ ಹ್ಯಾಂಡ್ ಕಾರು ಬಹುಕಾಲದಿಂದ ಕೈಗೆಟುಕುವ ಆಯ್ಕೆ. ಆದರೆ ಈ ಆಯ್ಕೆ ಹಿಂದಿನಷ್ಟು ಸರಳವಾಗಿ ಉಳಿದಿಲ್ಲ. ಪೆಟ್ರೋಲ್ ಅಥವಾ ಡೀಸೆಲ್ ಎಂಬ ಎರಡೇ ದಾರಿಗಳಿದ್ದ ಕಾಲ ಮುಗಿದಿದೆ. 2020ರಿಂದೀಚೆಗೆ ಮಾರಾಟವಾದ ವಿದ್ಯುತ್ ಕಾರುಗಳು, 2022ರಲ್ಲಿ ಬಂದ ಹೈಬ್ರಿಡ್ ಕಾರುಗಳು ಹಾಗೂ ಕಾರ್ಖಾನೆಯಲ್ಲೇ ಸಿ.ಎನ್.ಜಿ. ಅಳವಡಿಸಿಕೊಂಡು ಬಂದ ಕಾರುಗಳು ಈಗ ಎರಡನೆಯ ಮಾಲೀಕರನ್ನು ಹುಡುಕುತ್ತಾ ಮಾರುಕಟ್ಟೆಗೆ ಬಂದಿವೆ.

ತಪ್ಪು ಆಯ್ಕೆಯ ಬೆಲೆಯೂ ಏರಿದೆ. ಹಳೆಯ ಪೆಟ್ರೋಲ್ ಕಾರಿನ ಕ್ಲಚ್ ಕೆಟ್ಟರೆ ಕೆಲವು ಸಾವಿರ ರೂಪಾಯಿಗಳಲ್ಲಿ ಸರಿಪಡಿಸಬಹುದು. ವಾರಂಟಿ ಮುಗಿದ ವಿದ್ಯುತ್ ಕಾರಿನ ಬ್ಯಾಟರಿ ಕೆಟ್ಟರೆ ಕೊಂಡ ಬೆಲೆಗೆ ಸಮನಾದ ಹಣವನ್ನೇ ಮತ್ತೆ ಸುರಿಯಬೇಕಾದೀತು. ಆದ್ದರಿಂದ ಯಾವ ಇಂಧನ ಶ್ರೇಷ್ಠ ಎಂಬ ಚರ್ಚೆಗಿಂತ, ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ, ದಿನಕ್ಕೆ ಎಷ್ಟು ದೂರ ಓಡುತ್ತದೆ, ಅದರ ವಾರಂಟಿ ಮತ್ತು ಕಾಗದಪತ್ರಗಳ ಸ್ಥಿತಿ ಏನು ಎಂಬುದೇ ಖರೀದಿಯ ನಿಜವಾದ ಆಧಾರವಾಗಬೇಕು.

ಮೊದಲು ಉತ್ತರಿಸಿಕೊಳ್ಳಬೇಕಾದ ಮೂರು ಪ್ರಶ್ನೆಗಳು

ಮೊದಲನೆಯದು ದಿನದ ದೂರ. ದಿನಕ್ಕೆ 15 ಕಿ.ಮೀ. ಓಡಿಸುವವರ ಲೆಕ್ಕವೂ 100 ಕಿ.ಮೀ. ಓಡಿಸುವವರ ಲೆಕ್ಕವೂ ಒಂದೇ ಆಗಲಾರದು. ಓಟ ಹೆಚ್ಚಿದಷ್ಟೂ ಇಂಧನದ ಉಳಿತಾಯ ಹೆಚ್ಚುತ್ತದೆ. ಓಟ ಕಡಿಮೆಯಾದರೆ ಕೊಂಡ ಬೆಲೆಯೇ ಮುಖ್ಯವಾಗುತ್ತದೆ.

ಎರಡನೆಯದು ರಾತ್ರಿಯ ನಿಲುಗಡೆ. ಸ್ವಂತ ಮನೆಯ ಆವರಣದಲ್ಲಿ ಅಥವಾ ಅಪಾರ್ಟ್‌ಮೆಂಟಿನ ಗೊತ್ತುಪಡಿಸಿದ ಜಾಗದಲ್ಲಿ ಕಾರು ನಿಲ್ಲುತ್ತದೆಯೇ, ಅಲ್ಲಿ ಭೂಸಂಪರ್ಕ ಸರಿಯಾಗಿರುವ 15 ಆಂಪಿಯರ್ ಸಾಕೆಟ್ ಇದೆಯೇ ಅಥವಾ ಹಾಕಿಸಲು ಸಂಘದ ಅನುಮತಿ ದೊರೆಯುವುದೇ ಎಂಬುದನ್ನು ಕಾರು ನೋಡಲು ಹೋಗುವ ಮುನ್ನವೇ ಖಚಿತಪಡಿಸಿಕೊಳ್ಳಬೇಕು. ಬೀದಿ ಬದಿಯಲ್ಲಿ ಕಾರು ನಿಲ್ಲಿಸುವವರಿಗೆ ವಿದ್ಯುತ್ ಕಾರಿನ ಅರ್ಧದಷ್ಟು ಲಾಭ ಅಲ್ಲಿಯೇ ಕೈತಪ್ಪುತ್ತದೆ.

ಮೂರನೆಯದು ಎಷ್ಟು ವರ್ಷ ಇಟ್ಟುಕೊಳ್ಳುವ ಉದ್ದೇಶವಿದೆ ಎಂಬುದು. ಎರಡು–ಮೂರು ವರ್ಷಗಳಲ್ಲಿ ಮಾರುವ ಯೋಚನೆಯಿದ್ದರೆ, ಆ ಹೊತ್ತಿಗೆ ವಾರಂಟಿ ಇನ್ನೂ ಉಳಿದಿರುವ ಕಾರನ್ನೇ ಆರಿಸುವುದು ಜಾಣತನ.

ಖರ್ಚಿನ ಲೆಕ್ಕ

ಹುಬ್ಬಳ್ಳಿ–ಧಾರವಾಡದ ನಡುವಿನ ದೂರ ಸುಮಾರು 20 ಕಿ.ಮೀ. ಹೋಗಿಬರಲು 40 ಕಿ.ಮೀ. ಆಗುತ್ತದೆ. ತಿಂಗಳಿಗೆ 25 ದಿನ ಓಡಾಡಿದರೆ 1,000 ಕಿ.ಮೀ. ಪೆಟ್ರೋಲ್ ದರ ಲೀಟರಿಗೆ 103 ರೂ., ಸಿ.ಎನ್.ಜಿ. ದರ ಕೆ.ಜಿ.ಗೆ 90 ರೂ., ಮನೆಯ ವಿದ್ಯುತ್ ಯೂನಿಟ್ಟಿಗೆ 7 ರೂ. ಮತ್ತು ಸಾರ್ವಜನಿಕ ವೇಗದ ಚಾರ್ಜರಿನಲ್ಲಿ ಯೂನಿಟ್ಟಿಗೆ 22 ರೂ. ಎಂದು ಇಟ್ಟುಕೊಂಡರೆ ತಿಂಗಳ ಖರ್ಚು ಸ್ಥೂಲವಾಗಿ ಹೀಗಿರುತ್ತದೆ:

* ಪೆಟ್ರೋಲ್ ಕಾರು, ಲೀಟರಿಗೆ 14 ಕಿ.ಮೀ. – 7,360 ರೂ.
* ಪೂರ್ಣ ಹೈಬ್ರಿಡ್ ಕಾರು, ಲೀಟರಿಗೆ 21 ಕಿ.ಮೀ. – 4,900 ರೂ.
* ಸಿ.ಎನ್.ಜಿ. ಕಾರು, ಕೆ.ಜಿ.ಗೆ 22 ಕಿ.ಮೀ. – 4,090 ರೂ.
* ವಿದ್ಯುತ್ ಕಾರು, ಯೂನಿಟ್ಟಿಗೆ 7 ಕಿ.ಮೀ., ಸಾರ್ವಜನಿಕ ಚಾರ್ಜಿಂಗ್ – 3,150 ರೂ.
* ವಿದ್ಯುತ್ ಕಾರು, ಯೂನಿಟ್ಟಿಗೆ 7 ಕಿ.ಮೀ., ಮನೆಯ ಚಾರ್ಜಿಂಗ್ – 1,110 ರೂ.

ಮನೆಯ ಚಾರ್ಜಿಂಗ್ ಲೆಕ್ಕದಲ್ಲಿ ಶೇ 10ರಷ್ಟು ವಿದ್ಯುತ್ ಸೋರಿಕೆಯನ್ನೂ ಸೇರಿಸಲಾಗಿದೆ. ಇಲ್ಲಿ ಬಳಸಿದ ಮೈಲೇಜ್ ಕಂಪನಿಗಳು ಜಾಹೀರಾತಿನಲ್ಲಿ ಹೇಳುವುದಲ್ಲ, ಸಂಚಾರ ದಟ್ಟಣೆಯಲ್ಲಿ ಸಾಮಾನ್ಯವಾಗಿ ನಿರೀಕ್ಷಿಸಬಹುದಾದದ್ದು. ದರಗಳು ಊರಿನಿಂದ ಊರಿಗೆ ಬದಲಾಗುವುದರಿಂದ ಖರೀದಿದಾರರು ತಮ್ಮ ಊರಿನ ದರವನ್ನು ಹಾಕಿ ಇದೇ ಲೆಕ್ಕವನ್ನು ಮಾಡಿಕೊಳ್ಳಬಹುದು.

ಇದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಹಳೆಯ ವಿದ್ಯುತ್ ಕಾರಿಗೆ 2.5 ಲಕ್ಷ ರೂ. ಹೆಚ್ಚು ಕೊಡಬೇಕಾಗಿದೆ ಎಂದುಕೊಳ್ಳೋಣ. ಮನೆಯಲ್ಲೇ ಚಾರ್ಜ್ ಮಾಡಿ ದಿನಕ್ಕೆ 40 ಕಿ.ಮೀ. ಓಡಿಸುವವರಿಗೆ ವರ್ಷಕ್ಕೆ ಸುಮಾರು 75 ಸಾವಿರ ರೂ. ಉಳಿಯುತ್ತದೆ, ಹೆಚ್ಚುವರಿ ಬೆಲೆ ಮೂರೂವರೆ ವರ್ಷದೊಳಗೆ ಹಿಂದಿರುಗುತ್ತದೆ. ಸಾರ್ವಜನಿಕ ಚಾರ್ಜರನ್ನೇ ನೆಚ್ಚಿಕೊಂಡರೆ ಐದು ವರ್ಷ ಬೇಕು. ದಿನಕ್ಕೆ 15 ಕಿ.ಮೀ. ಮಾತ್ರ ಓಡಿಸುವವರಿಗೆ, ಮನೆಯಲ್ಲೇ ಚಾರ್ಜ್ ಮಾಡಿದರೂ, ಸುಮಾರು ಒಂಬತ್ತು ವರ್ಷ ಬೇಕು. ಅಷ್ಟರಲ್ಲಿ ಬ್ಯಾಟರಿಯ ವಾರಂಟಿ ಮುಗಿದು ಬಹುಕಾಲವಾಗಿರುತ್ತದೆ.

ಕರ್ನಾಟಕದ ಮನೆಗಳಿಗೆ ಇನ್ನೊಂದು ಲೆಕ್ಕವೂ ಇದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಡಿ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ಣ ಬಿಲ್ ಪಾವತಿಸಬೇಕಾಗುತ್ತದೆ. ತಿಂಗಳಿಗೆ 1,000 ಕಿ.ಮೀ. ಓಡುವ ವಿದ್ಯುತ್ ಕಾರಿಗೆ ಸುಮಾರು 160 ಯೂನಿಟ್ ಬೇಕು. ಅದುವರೆಗೆ 90 ಯೂನಿಟ್ ಬಳಸಿ ಶೂನ್ಯ ಬಿಲ್ ಪಡೆಯುತ್ತಿದ್ದ ಕುಟುಂಬದ ಬಳಕೆ 250 ಯೂನಿಟ್ಟಿಗೆ ಏರಿ, 1,750 ರೂ.ಗಳಷ್ಟು ಬಿಲ್ ಬರಬಹುದು. ಪೆಟ್ರೋಲಿಗೆ ಹೋಲಿಸಿದರೆ ಆಗಲೂ ಉಳಿತಾಯ ದೊಡ್ಡದೇ. ಆದರೆ ಮೊದಲ ತಿಂಗಳ ಬಿಲ್ ಕಂಡು ಬೆಚ್ಚಿಬೀಳದಿರಲು ಈ ಅಂಶ ಮೊದಲೇ ತಿಳಿದಿರಬೇಕು. ವಾಹನ ಚಾರ್ಜಿಂಗಿಗೆಂದೇ ಪ್ರತ್ಯೇಕ ದರದ ಸಂಪರ್ಕ ಪಡೆಯಲು ಅವಕಾಶವಿದ್ದು, ಬೆಸ್ಕಾಂ, ಹೆಸ್ಕಾಂ ಮೊದಲಾದ ಆಯಾ ವಿದ್ಯುತ್ ಸರಬರಾಜು ಕಂಪನಿಗಳ ಕಚೇರಿಯಲ್ಲಿ ವಿಚಾರಿಸಬಹುದು.

ವಿದ್ಯುತ್ ಕಾರು: ಕೊಳ್ಳುವುದು ಬ್ಯಾಟರಿಯನ್ನು

ದೇಶದ ವಿದ್ಯುತ್ ಕಾರಿನ ಚರಿತ್ರೆಗೆ ಬೆಂಗಳೂರಿನ ನಂಟಿದೆ. ಇಲ್ಲಿಯೇ ತಯಾರಾದ ರೇವಾ 2001ರಲ್ಲಿ ಮಾರುಕಟ್ಟೆಗೆ ಬಂದಿತು. 2010ರಲ್ಲಿ ಕಂಪನಿಯ ಬಹುಪಾಲು ಷೇರು ಮಹೀಂದ್ರಾ ಸಮೂಹದ ಪಾಲಾಯಿತು. 2013ರಲ್ಲಿ ಇ2ಒ ಕಾರು ಬಂದಿತು. ಈ ಎರಡೂ ಮಾದರಿಗಳ ತಯಾರಿಕೆ ನಿಂತು ವರ್ಷಗಳೇ ಕಳೆದಿವೆ. ಇಂಥ ಕಾರುಗಳು ಅತಿ ಅಗ್ಗವಾಗಿ ಸಿಗಬಹುದಾದರೂ, ಬ್ಯಾಟರಿ ಮತ್ತು ಬಿಡಿಭಾಗ ಹೊಂದಿಸಲು ತಿಳಿದ ಮೆಕ್ಯಾನಿಕ್ ಗೊತ್ತಿದ್ದವರಿಗೆ ಮಾತ್ರ ಅವು ತಕ್ಕವು.

ಇಂದಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣುವುದು 2020ರ ಜನವರಿಯಲ್ಲಿ ಬಿಡುಗಡೆಯಾದ ಟಾಟಾ ನೆಕ್ಸಾನ್ ಇವಿ, ಅದೇ ತಿಂಗಳು ಬಂದ ಎಂ.ಜಿ. ಝಡ್‌.ಎಸ್. ಇವಿ, 2021ರ ಟಿಗೋರ್ ಇವಿ, 2022ರ ಟಿಯಾಗೋ ಇವಿ ಹಾಗೂ 2023ರ ಎಂ.ಜಿ. ಕಾಮೆಟ್. ಬ್ಯಾಟರಿಯ ಸಾಮರ್ಥ್ಯವನ್ನು ಕಿಲೋವ್ಯಾಟ್ ಅವರ್ ಲೆಕ್ಕದಲ್ಲಿ ಹೇಳಲಾಗುತ್ತದೆ. ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಎಂದರೂ ಅದೇ. ಮೊದಲ ನೆಕ್ಸಾನ್ ಇವಿಯ ಬ್ಯಾಟರಿ 30.2 ಯೂನಿಟ್, ಟಿಯಾಗೋ ಇವಿಯಲ್ಲಿ 19.2 ಮತ್ತು 24 ಯೂನಿಟ್‌ಗಳ ಎರಡು ಬಗೆಗಳಿವೆ, ಕಾಮೆಟ್‌ನದು 17.3 ಯೂನಿಟ್.

ಜಾಹೀರಾತಿನಲ್ಲಿ ಹೇಳುವ ದೂರವನ್ನು ಪ್ರಯೋಗಾಲಯದ ಪರೀಕ್ಷೆಯಿಂದ ಪಡೆಯಲಾಗಿರುತ್ತದೆ. ನೆಕ್ಸಾನ್ ಇವಿಗೆ ಘೋಷಿತ ದೂರ 312 ಕಿ.ಮೀ. ಆದರೆ ಯೂನಿಟ್ಟಿಗೆ 7 ಕಿ.ಮೀ. ಎಂಬ ಸರಳ ಲೆಕ್ಕದಂತೆ ಹೊಸ ಬ್ಯಾಟರಿಯಲ್ಲೇ ಸಿಗುವುದು 210 ಕಿ.ಮೀ. ಆಸುಪಾಸು. ಹಳೆಯ ಬ್ಯಾಟರಿಯ ಸವಕಳಿ ಮತ್ತು ತುರ್ತಿಗೆಂದು ಉಳಿಸಿಕೊಳ್ಳುವ ಪಾಲನ್ನು ಕಳೆದರೆ 150 ಕಿ.ಮೀ. ಎಂದು ನಂಬುವುದು ಕ್ಷೇಮ. ಹುಬ್ಬಳ್ಳಿ–ಧಾರವಾಡದ ಓಡಾಟಕ್ಕೆ ಇದು ಧಾರಾಳವಾಯಿತು. ಆದರೆ ತುಮಕೂರಿನಿಂದ ಬೆಂಗಳೂರಿಗೆ ಹೋಗಿಬರುವವರಿಗೆ ದಿನಕ್ಕೆ 140 ಕಿ.ಮೀ. ಬೇಕು. ಅವರು ಸಣ್ಣ ಬ್ಯಾಟರಿಯ ಹಳೆಯ ಕಾರನ್ನು ಕೊಂಡರೆ ದಿನವೂ ಮಧ್ಯದಾರಿಯಲ್ಲಿ ಚಾರ್ಜರ್ ಹುಡುಕುವ ಪಾಡು ತಪ್ಪದು.

ವಾರಂಟಿಯೇ ವಿದ್ಯುತ್ ಕಾರಿನ ಜೀವಾಳ. ನೆಕ್ಸಾನ್ ಇವಿಯ ಬ್ಯಾಟರಿ ಮತ್ತು ಮೋಟಾರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಇದೆ. ಅಂದರೆ 2020ರ ಆರಂಭದಲ್ಲಿ ಮಾರಾಟವಾದ ಕಾರಿನ ವಾರಂಟಿ 2028ರ ಆರಂಭಕ್ಕೆ ಮುಗಿಯುತ್ತದೆ. ಕೆಲವು ಹೊಸ ಮಾದರಿಗಳಿಗೆ ಘೋಷಿಸಲಾದ ‘ಜೀವಿತಾವಧಿ ವಾರಂಟಿ’ ಮೊದಲ ಮಾಲೀಕರಿಗೆ ಮಾತ್ರ ಅನ್ವಯಿಸುತ್ತದೆ. 2024ರಲ್ಲಿ ಬಂದ ಎಂ.ಜಿ. ವಿಂಡ್ಸರ್ ಇದಕ್ಕೆ ಉದಾಹರಣೆ. ಮಾಲೀಕತ್ವ ಬದಲಾದಾಗ ವಾರಂಟಿ ಯಾವ ಷರತ್ತಿನ ಮೇಲೆ ಮುಂದುವರಿಯುತ್ತದೆ ಎಂಬುದನ್ನು ವಾರಂಟಿ ಪುಸ್ತಿಕೆಯಲ್ಲಿ ಓದಿ, ಅಧಿಕೃತ ಸರ್ವಿಸ್ ಕೇಂದ್ರದಿಂದ ಬರಹದಲ್ಲಿ ಪಡೆಯುವುದು ಒಳಿತು.

ವಿಂಡ್ಸರ್ ಮಾದರಿಯೊಂದಿಗೆ ಬ್ಯಾಟರಿಯನ್ನು ಬಾಡಿಗೆಗೆ ಪಡೆಯುವ ವ್ಯವಸ್ಥೆಯೂ ಬಂದಿತು. ಬಿಡುಗಡೆಯ ವೇಳೆ ಕಿ.ಮೀ.ಗೆ 3.5 ರೂ. ಬಾಡಿಗೆ ನಿಗದಿಯಾಗಿತ್ತು. ಇಂಥ ಕಾರನ್ನು ಕೊಳ್ಳುವಾಗ ಬ್ಯಾಟರಿ ಮಾರಾಟಗಾರರ ಸ್ವಂತದ್ದೇ, ಸಾಲ ಕೊಟ್ಟ ಸಂಸ್ಥೆಯದೇ ಎಂದು ವಿಚಾರಿಸದೆ ಮುಂಗಡ ಕೊಡಬಾರದು. ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ ಆ ಬಾಡಿಗೆಯೇ 3,500 ರೂ. ಆಗುತ್ತದೆ.

ಬ್ಯಾಟರಿಯ ಆರೋಗ್ಯ ಪರೀಕ್ಷೆಗೆ ಎರಡು ದಾರಿಗಳಿವೆ. ಮೊದಲನೆಯದು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಕಂಪ್ಯೂಟರ್ ಜೋಡಿಸಿ ಪಡೆಯುವ ವರದಿ. ಬ್ಯಾಟರಿಯ ಮೂಲ ಸಾಮರ್ಥ್ಯದಲ್ಲಿ ಶೇ ಎಷ್ಟು ಉಳಿದಿದೆ, ಒಳಗಿನ ಸೆಲ್‌ಗಳ ವೋಲ್ಟೇಜ್ ಒಂದಕ್ಕೊಂದು ಸಮನಾಗಿದೆಯೇ ಎಂಬುದು ಅದರಿಂದ ತಿಳಿಯುತ್ತದೆ. ಎರಡನೆಯದು ಸ್ವತಃ ಮಾಡಬಹುದಾದ ಪರೀಕ್ಷೆ. ಕಾರನ್ನು ಪೂರ್ಣ ಚಾರ್ಜ್ ಮಾಡಿಸಿ, ಎ.ಸಿ. ಹಾಕಿ, ನಿತ್ಯ ಓಡಾಡುವ ರಸ್ತೆಯಲ್ಲೇ 40 ಕಿ.ಮೀ. ಓಡಿಸಬೇಕು. 30.2 ಯೂನಿಟ್ಟಿನ ನೆಕ್ಸಾನ್‌ನಲ್ಲಿ ಶೇ 20ರ ಆಸುಪಾಸು ಇಳಿದರೆ ಚಿಂತೆಯಿಲ್ಲ. ಸಾಧಾರಣ ವೇಗದಲ್ಲೂ ಶೇ 28–30 ಇಳಿದರೆ ಅಥವಾ ಶೇಕಡಾವಾರು ಸಂಖ್ಯೆ ನಡುವೆ ಏಕಾಏಕಿ ಕುಸಿದರೆ ಕಾರಣ ತಿಳಿಯದೆ ವ್ಯವಹಾರ ಮುಂದುವರಿಸಬಾರದು. ಹತ್ತು ನಿಮಿಷದ ಟೆಸ್ಟ್ ಡ್ರೈವ್‌ನಿಂದ ಬ್ಯಾಟರಿಯ ಗುಟ್ಟು ಬಯಲಾಗದು.

ಚಾರ್ಜಿಂಗ್ ಪ್ಲಗ್ಗಿನ ಬಗೆಯನ್ನೂ ನೋಡಬೇಕು. ಈಗಿನ ಸಾರ್ವಜನಿಕ ವೇಗದ ಚಾರ್ಜರುಗಳು ಬಹುಪಾಲು ಸಿ.ಸಿ.ಎಸ್.–2 ಎಂಬ ಮಾದರಿಯವು. 2017ರಲ್ಲಿ ಕೇಂದ್ರದ ಇ.ಇ.ಎಸ್.ಎಲ್. ಸಂಸ್ಥೆ ಸರ್ಕಾರಿ ಬಳಕೆಗೆ 10,000 ವಿದ್ಯುತ್ ಕಾರುಗಳ ಟೆಂಡರ್ ಕರೆದ ನಂತರ ಪೂರೈಕೆಯಾದ ಮಹೀಂದ್ರಾ ಇ–ವೆರಿಟೊ ಹಾಗೂ ಆರಂಭಿಕ ಟಿಗೋರ್ ವಿದ್ಯುತ್ ಕಾರುಗಳಲ್ಲಿ ಬೇರೆಯ ಬಗೆಯ ಪ್ಲಗ್ ಇತ್ತು. ಅಂಥ ಕಾರು ಕೊಂಡರೆ ಹೆದ್ದಾರಿಯ ಬಹುತೇಕ ವೇಗದ ಚಾರ್ಜರುಗಳು ಇದ್ದೂ ಇಲ್ಲದಂತೆಯೇ.

ಟ್ಯಾಕ್ಸಿಯಾಗಿ ದುಡಿದ ಕಾರುಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಇಂಥ ಕಾರು ದಿನವೂ ವೇಗದ ಚಾರ್ಜರಿಗೆ ಅಂಟಿಕೊಂಡು ದಿನಕ್ಕೆ 200 ಕಿ.ಮೀ.ಗೂ ಮಿಗಿಲಾಗಿ ಓಡಿರಬಹುದು. ವರ್ಷಗಳು ಉಳಿದಿದ್ದರೂ ಕಿ.ಮೀ. ಮಿತಿ ಮುಗಿದು ವಾರಂಟಿ ಕಳೆದಿರಬಹುದು. ಬಿಳಿ ಬೋರ್ಡಿಗೆ ಪರಿವರ್ತನೆಯಾದ ಕಾರಾದರೆ ಆರ್.ಸಿ.ಯ ಹಳೆಯ ದಾಖಲೆಯನ್ನು ಕೇಳಿ ಪಡೆಯಬೇಕು.

ಇನ್ನು ನೆರೆಯ ಪ್ರಶ್ನೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು ಭಾಗಗಳು ಜಲಾವೃತವಾದಾಗ ನೆಲಮಾಳಿಗೆಗಳಲ್ಲಿದ್ದ ಹಲವಾರು ಕಾರುಗಳು ನೀರಿನಲ್ಲಿ ಮುಳುಗಿದ್ದವು. ಬ್ಯಾಟರಿ ಪೆಟ್ಟಿಗೆಗೆ ನೀರು ತಡೆಯುವ ರಕ್ಷಣೆ ಇದ್ದರೂ, ದೀರ್ಘಕಾಲ ನೀರಿನಲ್ಲಿ ನಿಂತ ಕಾರಿನ ವೈರಿಂಗ್, ಕನೆಕ್ಟರುಗಳಲ್ಲಿ ತುಕ್ಕು ನಿಧಾನವಾಗಿ ಹಬ್ಬುತ್ತದೆ. ಆಸನದ ಕೆಳಗಿನ ಕಬ್ಬಿಣದ ಪಟ್ಟಿ, ಸೀಟ್ ಬೆಲ್ಟಿನ ಕೊನೆಯ ಭಾಗ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಳಿ – ಇವುಗಳಲ್ಲಿ ಕೆಸರಿನ ಕಲೆ ಅಥವಾ ತುಕ್ಕು ಕಂಡರೆ ಆ ಕಾರನ್ನು ಬಿಟ್ಟುಬಿಡಬೇಕು. ವಿಮೆಯ ಕ್ಲೇಮ್ ಚರಿತ್ರೆಯನ್ನು ಕೇಳುವುದೂ ಅಗತ್ಯ.

ಕಂಪನಿ ಹಿಂದಕ್ಕೆ ಕರೆದ ಕಾರುಗಳ ಪಟ್ಟಿಯಲ್ಲಿ ಈ ಕಾರಿನ ಷಾಸಿ ಸಂಖ್ಯೆ ಇದೆಯೇ ಎಂದೂ ನೋಡಬೇಕು. 2020ರ ಡಿಸೆಂಬರ್‌ನಲ್ಲಿ ಹ್ಯುಂಡೈ ಕಂಪನಿ ಬ್ಯಾಟರಿ ವ್ಯವಸ್ಥೆಯ ತಪಾಸಣೆಗಾಗಿ 456 ಕೋನಾ ವಿದ್ಯುತ್ ಕಾರುಗಳನ್ನು ಹಿಂದಕ್ಕೆ ಕರೆದಿತ್ತು. ಆ ಕೆಲಸ ಮಾಡಿಸಿದ ದಾಖಲೆ ಇಲ್ಲದ ಕಾರನ್ನು ಕೊಳ್ಳುವುದು ತರವಲ್ಲ.

ಹೈಬ್ರಿಡ್: ಹೆಸರಿಗೆ ಮರುಳಾಗದಿರಿ

ಪೂರ್ಣ ಹೈಬ್ರಿಡ್ ಕಾರಿಗೆ ಪ್ಲಗ್ ಬೇಕಿಲ್ಲ. ಪೆಟ್ರೋಲ್ ಎಂಜಿನ್ ಮತ್ತು ಬ್ರೇಕ್ ಹಾಕಿದಾಗ ಹಿಂದಿರುಗುವ ಶಕ್ತಿಯಿಂದಲೇ ಬ್ಯಾಟರಿ ತುಂಬಿಕೊಳ್ಳುತ್ತದೆ. ನಿಧಾನ ವೇಗದಲ್ಲಿ ಎಂಜಿನ್ ಆರಿ, ಕಾರು ಮೋಟಾರಿನಿಂದ ಚಲಿಸುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಬೆಂಗಳೂರಿನ ಸಂಚಾರಕ್ಕೆ ಈ ಗುಣ ಹೇಳಿ ಮಾಡಿಸಿದಂತಿದೆ. ಒಂದೇ ವೇಗದಲ್ಲಿ ಸಾಗುವ ಹೆದ್ದಾರಿಯಲ್ಲಿ ಈ ಲಾಭ ತಗ್ಗುತ್ತದೆ.

ಟೊಯೊಟಾ ಅರ್ಬನ್ ಕ್ರೂಸರ್ ಹೈರೈಡರ್ ಹಾಗೂ ಅದರ ಸೋದರ ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರಾ 2022ರಲ್ಲಿ ಬಂದವು. ಎರಡರ ತಯಾರಿಕೆಯೂ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ಆರಂಭವಾಯಿತು. ಹೋಂಡಾ ಸಿಟಿಯ ಹೈಬ್ರಿಡ್ ಮಾದರಿಯೂ ಅದೇ ವರ್ಷದ್ದು. ಗ್ರ್ಯಾಂಡ್ ವಿಟಾರಾದ ಪೂರ್ಣ ಹೈಬ್ರಿಡ್ ಬಗೆಗೆ ಲೀಟರಿಗೆ 27.97 ಕಿ.ಮೀ. ಎಂದು ಘೋಷಿಸಲಾಗಿತ್ತು.

ಖರೀದಿದಾರರು ಎಡವುವುದು ಇಲ್ಲಿಯೇ. ಇದೇ ಗ್ರ್ಯಾಂಡ್ ವಿಟಾರಾ, ಇದೇ ಹೈರೈಡರ್ ‘ಮೈಲ್ಡ್ ಹೈಬ್ರಿಡ್’ ಬಗೆಯಲ್ಲೂ ಮಾರಾಟವಾಗಿವೆ. ಅವುಗಳಲ್ಲಿ ಕಾರನ್ನು ಓಡಿಸಬಲ್ಲ ಮೋಟಾರ್ ಇಲ್ಲ. ಎಂಜಿನ್ನಿಗೆ ಅಲ್ಪ ನೆರವು ನೀಡುವ ಸಣ್ಣ ಯಂತ್ರವಷ್ಟೇ ಇದೆ. 2015ರಿಂದ ಮಾರುತಿಯ ಸಿಯಾಝ್, ಎರ್ಟಿಗಾ ಮುಂತಾದ ಕಾರುಗಳಲ್ಲಿ ಬಂದದ್ದೂ ಇದೇ ವ್ಯವಸ್ಥೆ. ಜಾಹೀರಾತಿನಲ್ಲಿ ‘ಹೈಬ್ರಿಡ್’ ಎಂದಷ್ಟೇ ಬರೆದು ಪೂರ್ಣ ಹೈಬ್ರಿಡ್ಡಿನ ಬೆಲೆ ಕೇಳುವವರಿದ್ದಾರೆ. ಸ್ಟಾರ್ಟ್ ಮಾಡಿದ ಬಳಿಕ ಎಂಜಿನ್ ಸದ್ದಿಲ್ಲದೆ ಕಾರು ಮುಂದಕ್ಕೆ ಚಲಿಸುತ್ತದೆಯೇ ಎಂದು ನೋಡಿದರೆ ಸಾಕು, ವ್ಯತ್ಯಾಸ ತಿಳಿಯುತ್ತದೆ. ಬ್ಯಾಟರಿ ಇಳಿದಿದ್ದರೆ ಪೂರ್ಣ ಹೈಬ್ರಿಡ್ಡಿನಲ್ಲೂ ಎಂಜಿನ್ ಓಡುವುದರಿಂದ ಮಾದರಿಯ ಪೂರ್ಣ ಹೆಸರನ್ನು ಆರ್.ಸಿ.ಯಲ್ಲೂ ಪರಿಶೀಲಿಸಬೇಕು.

ಪೂರ್ಣ ಹೈಬ್ರಿಡ್ಡಿನ ಬ್ಯಾಟರಿ ಒಂದು ಯೂನಿಟ್ಟಿಗಿಂತಲೂ ಚಿಕ್ಕದು. ಆದ್ದರಿಂದ ಅದು ಕೆಟ್ಟರೂ ವಿದ್ಯುತ್ ಕಾರಿನಷ್ಟು ಹೊರೆಯಾಗದು. ಮೇಲೆ ಹೇಳಿದ ಮೂರೂ ಕಾರುಗಳ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇದೆ. ಬ್ಯಾಟರಿಯನ್ನು ತಂಪಾಗಿಡಲು ಗಾಳಿ ಎಳೆದುಕೊಳ್ಳುವ ಕಿಂಡಿ ಹಿಂದಿನ ಆಸನದ ಬಳಿ ಇರುವ ಮಾದರಿಗಳಲ್ಲಿ ಅದು ಧೂಳು, ಬಟ್ಟೆಯ ನಾರುಗಳಿಂದ ಮುಚ್ಚಿದೆಯೇ ಎಂದು ನೋಡಬೇಕು. ಎರಡು ಯಂತ್ರಗಳಿರುವ ಈ ಕಾರಿಗೆ ಆಯಿಲ್ ಬದಲಾವಣೆ ಮೊದಲಾದ ಪೆಟ್ರೋಲ್ ಕಾರಿನ ಎಲ್ಲ ಸರ್ವಿಸುಗಳೂ ಬೇಕು ಎಂಬುದನ್ನು ಮರೆಯಬಾರದು.

ಸಿ.ಎನ್.ಜಿ.: ಸಿಲಿಂಡರಿನ ತಾರೀಖು ನೋಡಿ

ದಾಭೋಲ್–ಬೆಂಗಳೂರು ಕೊಳವೆ ಮಾರ್ಗ 2013ರಲ್ಲಿ, ಕೊಚ್ಚಿ–ಮಂಗಳೂರು ಮಾರ್ಗ 2021ರಲ್ಲಿ ಕಾರ್ಯಾರಂಭ ಮಾಡಿದ ಬಳಿಕ ರಾಜ್ಯದಲ್ಲಿ ಸಿ.ಎನ್.ಜಿ. ಬಂಕುಗಳು ಹೆಚ್ಚಿದವು. ಬೆಂಗಳೂರು ಮತ್ತು ದಕ್ಷಿಣ ಕನ್ನಡದಲ್ಲಿ ಗೇಲ್ ಗ್ಯಾಸ್, ಧಾರವಾಡ ಜಿಲ್ಲೆಯಲ್ಲಿ ಇಂಡಿಯನ್ ಆಯಿಲ್–ಅದಾನಿ ಗ್ಯಾಸ್ ವಿತರಣೆ ನಡೆಸುತ್ತಿವೆ. ಬಂಕ್ ಮನೆ–ಕಚೇರಿಯ ದಾರಿಯಲ್ಲೇ ಇದ್ದರೆ ಮಾತ್ರ ಸಿ.ಎನ್.ಜಿ. ಲಾಭದಾಯಕ. ಗ್ಯಾಸ್ ತುಂಬಿಸಲೆಂದು 8 ಕಿ.ಮೀ. ಸುತ್ತಿ, ಸಾಲಿನಲ್ಲಿ ಕಾಯಬೇಕಾದರೆ ಉಳಿದ ಹಣ ಸಮಯದ ರೂಪದಲ್ಲಿ ಕರಗುತ್ತದೆ.

ಮಾರುತಿ ವ್ಯಾಗನ್ ಆರ್‌ನಂಥ ಕಾರಿನಲ್ಲಿ 60 ಲೀಟರ್ ಗಾತ್ರದ ಸಿಲಿಂಡರ್ ಡಿಕ್ಕಿಯ ಬಹುಭಾಗವನ್ನು ಆಕ್ರಮಿಸುತ್ತದೆ. ಅದರಲ್ಲಿ ತುಂಬುವ ಎಂಟು ಕೆ.ಜಿ.ಯಷ್ಟು ಗ್ಯಾಸಿಗೆ ನಗರದಲ್ಲಿ ಸುಮಾರು 175 ಕಿ.ಮೀ. ಓಡಬಹುದು. ಎಂಜಿನ್ ಶಕ್ತಿಯೂ ತುಸು ತಗ್ಗುತ್ತದೆ. ಒಂದು ಲೀಟರ್ ಎಂಜಿನ್ನಿನ ವ್ಯಾಗನ್ ಆರ್ ಪೆಟ್ರೋಲಿನಲ್ಲಿ 67 ಅಶ್ವಶಕ್ತಿ ನೀಡಿದರೆ, ಗ್ಯಾಸಿನಲ್ಲಿ 57 ಮಾತ್ರ. ಮಡಿಕೇರಿ, ಸಕಲೇಶಪುರದಂಥ ಏರುದಾರಿಯಲ್ಲಿ ನಾಲ್ಕು ಜನರೊಂದಿಗೆ ಸಾಗುವಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಸುಮಾರು 200 ಬಾರ್ ಒತ್ತಡದಲ್ಲಿ ಗ್ಯಾಸ್ ಹಿಡಿದಿಡುವ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆಗೆ ಒಳಪಡಿಸುವುದು ಕಡ್ಡಾಯ. ಪರೀಕ್ಷೆಯ ದಿನಾಂಕ ಸಿಲಿಂಡರಿನ ಮೇಲಿನ ಪಟ್ಟಿಯಲ್ಲಿಯೂ ಪ್ರಮಾಣಪತ್ರದಲ್ಲಿಯೂ ಇರಬೇಕು. ಕಾರ್ಖಾನೆಯಲ್ಲೇ ಅಳವಡಿಸಿದ ಕಿಟ್‌ಗೆ ಆದ್ಯತೆ ನೀಡುವುದು ಸೂಕ್ತ. ಹೊರಗೆ ಹಾಕಿಸಿದ ಕಿಟ್ ಆದರೆ ಅನುಮೋದಿತವೇ, ಆರ್.ಸಿ.ಯಲ್ಲಿ ‘ಪೆಟ್ರೋಲ್/ಸಿ.ಎನ್.ಜಿ.’ ಎಂದು ನಮೂದಾಗಿದೆಯೇ, ವಿಮಾ ಪಾಲಿಸಿಯಲ್ಲಿ ಉಲ್ಲೇಖವಿದೆಯೇ ಎಂಬ ಮೂರನ್ನೂ ನೋಡಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಅಪಘಾತವಾದಾಗ ವಿಮಾ ಕಂಪನಿ ಪರಿಹಾರ ನಿರಾಕರಿಸಲು ದಾರಿಯಾಗುತ್ತದೆ. ಅಡುಗೆ ಸಿಲಿಂಡರಿನ ಗ್ಯಾಸಿನಲ್ಲಿ ಓಡಿಸಲಾದ ಹಳೆಯ ಕಾರುಗಳತ್ತ ಸುಳಿಯಲೂಬಾರದು. ಅದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ.

ಪೆಟ್ರೋಲ್: ಇಂದಿಗೂ ಸುರಕ್ಷಿತ ದಾರಿ

ಓಟ ಕಡಿಮೆ, ರಾತ್ರಿ ನಿಲ್ಲಿಸಲು ಸ್ವಂತ ಜಾಗವಿಲ್ಲ, ಕೈಯಲ್ಲಿರುವ ಹಣವೂ ಮಿತವಾಗಿದೆ ಎನ್ನುವವರಿಗೆ ಚೆನ್ನಾಗಿ ಸರ್ವಿಸ್ ಆದ ಸಣ್ಣ ಪೆಟ್ರೋಲ್ ಕಾರು ಇಂದಿಗೂ ಒಳ್ಳೆಯ ಆಯ್ಕೆ. ಯಾವ ತಾಲ್ಲೂಕು ಕೇಂದ್ರದಲ್ಲೂ ರಿಪೇರಿ ಆಗುತ್ತದೆ, ಮರುಮಾರಾಟವೂ ಸುಲಭ.

ಗಮನಿಸಬೇಕಾದ ಹೊಸ ಅಂಶವೆಂದರೆ ಶೇ 20ರಷ್ಟು ಎಥೆನಾಲ್ ಬೆರೆತ ಇ–20 ಪೆಟ್ರೋಲ್. 2023ರ ಏಪ್ರಿಲ್‌ನಿಂದ ತಯಾರಾದ ಕಾರುಗಳ ಇಂಧನ ಕೊಳವೆ, ರಬ್ಬರ್ ಭಾಗಗಳು ಇದಕ್ಕೆ ಹೊಂದುವಂತಿವೆ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ವರದಿಯು, ಹಳೆಯ ವಿನ್ಯಾಸದ ನಾಲ್ಕು ಚಕ್ರದ ವಾಹನಗಳಲ್ಲಿ ಇ–20ರಿಂದ ಮೈಲೇಜ್ ಶೇ 6ರಿಂದ 7ರಷ್ಟು, ಇ–10ಕ್ಕೆ ವಿನ್ಯಾಸಗೊಂಡು ಇ–20ಕ್ಕೆ ಹೊಂದಿಸಿದ ವಾಹನಗಳಲ್ಲಿ ಶೇ 1ರಿಂದ 2ರಷ್ಟು ಇಳಿಯಬಹುದೆಂದು ಅಂದಾಜಿಸಿತ್ತು. ಹಳೆಯ ಕಾರಾದರೆ ಇಂಧನ ಪೈಪುಗಳ ಸ್ಥಿತಿಯನ್ನು ಮೆಕ್ಯಾನಿಕ್‌ನಿಂದ ನೋಡಿಸುವುದು ಒಳಿತು.

ಡೀಸೆಲ್ ಕಾರು ಹೆದ್ದಾರಿಯ ದೀರ್ಘ ಓಟಕ್ಕೆ ಸರಿ. 2020ರ ಏಪ್ರಿಲ್‌ನಿಂದ ಜಾರಿಯಾದ ಬಿ.ಎಸ್.–6 ನಿಯಮದಂತೆ ತಯಾರಾದ ಡೀಸೆಲ್ ಕಾರಿನ ಹೊಗೆ ಶೋಧಕವು, ದಿನವೂ ನಾಲ್ಕಾರು ಕಿ.ಮೀ. ಮಾತ್ರ ಓಡಿಸಿದರೆ, ಮಸಿ ಕಟ್ಟಿಕೊಂಡು ತೊಂದರೆ ಕೊಡುತ್ತದೆ.

ಕಾಗದಪತ್ರ: ಮಾರಿದವರಿಗೂ ಕೊಂಡವರಿಗೂ ಎಚ್ಚರಿಕೆ

ಇಂಧನ ಯಾವುದೇ ಇರಲಿ, ಮಾಲೀಕತ್ವ ವರ್ಗಾವಣೆ ಎಲ್ಲಕ್ಕಿಂತ ಮುಖ್ಯ. 2007ರಲ್ಲಿ ಮಾರಾಟವಾಗಿ ಹಲವರ ಕೈ ಬದಲಾಯಿಸಿದ್ದ ಕಾರೊಂದು 2009ರಲ್ಲಿ ಅಪಘಾತಕ್ಕೀಡಾಯಿತು. ದಾಖಲೆಯಲ್ಲಿ ಮೊದಲ ಮಾಲೀಕರ ಹೆಸರೇ ಉಳಿದಿತ್ತು. ಆರ್.ಸಿ.ಯಲ್ಲಿ ಹೆಸರಿರುವವರೇ ಕಾನೂನಿನ ಕಣ್ಣಿನಲ್ಲಿ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿತು. ಕಾರು ಕೊಟ್ಟು ಹಣ ಎಣಿಸಿಕೊಂಡ ಮಾತ್ರಕ್ಕೆ ಹೊಣೆ ಕಳೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್.ಟಿ.ಒ. ಕಚೇರಿಗೆ ತಿಳಿಸಬೇಕು. ಇದಕ್ಕೆ ನಮೂನೆ 29 ಮತ್ತು 30 ಬಳಕೆಯಲ್ಲಿವೆ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35 ಬೇಕು. ವಿಮಾ ಪಾಲಿಸಿಯನ್ನೂ 14 ದಿನದೊಳಗೆ ಹೊಸ ಮಾಲೀಕರ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೆಯ ಮಾಲೀಕರು ಗಳಿಸಿದ ನೋ ಕ್ಲೇಮ್ ಬೋನಸ್ ಹೊಸಬರಿಗೆ ಬರುವುದಿಲ್ಲ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ, ಮಾರಾಟಕ್ಕೆಂದು ಅಧಿಕೃತ ಡೀಲರಿಗೆ ಒಪ್ಪಿಸಿದ ಕಾರಿಗೆ ಆ ಡೀಲರೇ ಮಾಲೀಕ ಎಂದು ಪರಿಗಣಿಸಲಾಗುತ್ತದೆ. ಆದ್ದರಿಂದ ಡೀಲರಿಗೆ ಆರ್.ಟಿ.ಒ. ನೀಡಿದ ಅಧಿಕಾರ ಪತ್ರವಿದೆಯೇ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ.

ದೆಹಲಿ ಮುಂತಾದ ಕಡೆಗಳಿಂದ ಬರುವ ಅಗ್ಗದ ಕಾರುಗಳ ಬಗ್ಗೆ ಎರಡು ಸಲ ಯೋಚಿಸಬೇಕು. ಹೊರರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಮರುನೋಂದಣಿ ಕಡ್ಡಾಯ. ಅದರೊಂದಿಗೆ ಕಾರಿನ ವಯಸ್ಸಿಗನುಗುಣವಾಗಿ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಈ ತೆರಿಗೆ ದೇಶದಲ್ಲೇ ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿರುವುದರಿಂದ ಉಳಿತಾಯವೆಂದು ಕಂಡದ್ದು ಕೊನೆಗೆ ಹೊರೆಯಾಗಬಹುದು.

ಬೆಲೆಯ ವಿಷಯದಲ್ಲಿ ಹಳೆಯ ದರಪಟ್ಟಿಗಳನ್ನು ನಂಬುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಮತ್ತು ಸಿ.ಎನ್.ಜಿ. ಕಾರುಗಳ ಜಿ.ಎಸ್.ಟಿ. ಶೇ 28ರಿಂದ ಶೇ 18ಕ್ಕೆ ಇಳಿದು, ಹೊಸ ಕಾರುಗಳೇ ಅಗ್ಗವಾದವು. ವಿದ್ಯುತ್ ಕಾರುಗಳ ಶೇ 5ರ ತೆರಿಗೆಯಲ್ಲಿ ಆಗ ಬದಲಾವಣೆ ಆಗಲಿಲ್ಲ. ಹೀಗಾಗಿ ಎರಡು–ಮೂರು ವರ್ಷದ ಹಳೆಯ ಕಾರಿಗೆ ಮಾಲೀಕರು ಕೊಂಡ ಬೆಲೆಯ ಆಧಾರದಲ್ಲಿ ಹಣ ಕೇಳಿದರೆ, ಅದೇ ಮಾದರಿಯ ಹೊಸ ಕಾರಿನ ಇಂದಿನ ಬೆಲೆಯನ್ನು ಮುಂದಿಟ್ಟು ಚೌಕಾಸಿ ಮಾಡಬೇಕು. ನೋಂದಾಯಿತ ಡೀಲರುಗಳು ಹಳೆಯ ಕಾರಿನ ಮೇಲೆ ಪಡೆಯುವ ಲಾಭಾಂಶಕ್ಕೆ 2025ರ ಜನವರಿಯಲ್ಲಿ ಶೇ 18ರ ಜಿ.ಎಸ್.ಟಿ. ಜಾರಿಗೆ ಬಂದಿತು, ವ್ಯಕ್ತಿಯಿಂದ ವ್ಯಕ್ತಿಗೆ ನಡೆಯುವ ಮಾರಾಟಕ್ಕೆ ಅದು ಅನ್ವಯಿಸದು.

ಯಾರಿಗೆ ಯಾವುದು?

* ಮನೆಯಲ್ಲೇ ಚಾರ್ಜಿಂಗ್ ಸೌಲಭ್ಯವಿದ್ದು, ದಿನಕ್ಕೆ 35ರಿಂದ 100 ಕಿ.ಮೀ. ಓಡಿಸುವವರಿಗೆ – ಕನಿಷ್ಠ ಮೂರು ವರ್ಷ ಬ್ಯಾಟರಿ ವಾರಂಟಿ ಉಳಿದಿರುವ ವಿದ್ಯುತ್ ಕಾರು.
* ಚಾರ್ಜಿಂಗ್ ಸೌಲಭ್ಯವಿಲ್ಲದೆ, ನಗರದ ದಟ್ಟಣೆಯಲ್ಲೇ ಹೆಚ್ಚು ಓಡಿಸುವವರಿಗೆ – ಹಣ ಹೊಂದಿಸಲಾದರೆ ಪೂರ್ಣ ಹೈಬ್ರಿಡ್.
* ದಾರಿಯಲ್ಲೇ ಗ್ಯಾಸ್ ಬಂಕ್ ಇದ್ದು, ಡಿಕ್ಕಿಯ ಅಗತ್ಯವಿಲ್ಲದೆ, ಕಡಿಮೆ ಬೆಲೆಯ ಕಾರು ಬೇಕಾದವರಿಗೆ – ಕಾರ್ಖಾನೆಯಲ್ಲೇ ಅಳವಡಿಸಿದ ಸಿ.ಎನ್.ಜಿ. ಕಾರು.
* ದಿನಕ್ಕೆ 20 ಕಿ.ಮೀ.ಗಿಂತ ಕಡಿಮೆ ಓಡಿಸುವವರಿಗೆ, ಊರಿನ ದೂರ ಪ್ರಯಾಣಕ್ಕೂ ಅದೇ ಕಾರು ಬೇಕಾದವರಿಗೆ – ಪೆಟ್ರೋಲ್.

ಮುಂಗಡ ಕೊಡುವ ಮುನ್ನ ಒಂದು ವಾರ ತಾಳ್ಮೆ ವಹಿಸಿದರೆ ನಷ್ಟವೇನಿಲ್ಲ. ಆ ಅವಧಿಯಲ್ಲಿ ಪರಿವಾಹನ್ ಜಾಲತಾಣದಲ್ಲಿ ಆರ್.ಸಿ. ಹಾಗೂ ಸಾಲದ ವಿವರ, ಸಂಚಾರ ಪೊಲೀಸರ ಬಾಕಿ ದಂಡ, ಸರ್ವಿಸ್ ಕೇಂದ್ರದ ದಾಖಲೆಯಲ್ಲಿರುವ ಕಿ.ಮೀ. ಮತ್ತು ಮೀಟರಿನಲ್ಲಿರುವ ಕಿ.ಮೀ. ಇವೆಲ್ಲವನ್ನೂ ಹೋಲಿಸಿ ನೋಡಬಹುದು. ಈ ವಿವರಗಳನ್ನು ತೋರಿಸಲು ಹಿಂಜರಿಯುವ ಮಾರಾಟಗಾರರ ಕಾರು ಎಷ್ಟೇ ಹೊಳೆಯುತ್ತಿದ್ದರೂ, ಬೆಲೆ ಎಷ್ಟೇ ಕಡಿಮೆಯಿದ್ದರೂ, ಬೇರೆ ಕಾರು ನೋಡುವುದೇ ಲೇಸು.